ಅಪ್ಪ ನುಂಗಿದ ಮೂರು ಕ್ಯಾಪ್ಸೂಲ್‌ಗಳು

ಚಿಕ್ಕಮಗಳೂರಿನ ಒಂದು ಮೆಡಿಕಲ್ ಶಾಪಿನಲ್ಲಿ 16 ವರ್ಷಗಳಿಂದ ಫಾರ್ಮಾಸಿಸ್ಟ್ ಆಗಿರುವ ನನಗೆ ದಿನವೂ ಕೇಳಿಬರುವ ಮಾತೊಂದಿದೆ: "ಒಂದು ಗ್ಯಾಸ್ಟ್ರಿಕ್ ಮಾತ್ರೆ ಕೊಡಿ." ಬಿ.ಪಿ. ಮಾತ್ರೆಯನ್ನು ಲೆಕ್ಕವಿಟ್ಟು ನುಂಗುವವರೂ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನನ್ನ ತಂದೆಯೂ ತೆಗೆದುಕೊಂಡಿರಲಿಲ್ಲ.

ಕಳೆದ ಜನವರಿಯಲ್ಲಿ ಮೂಡಿಗೆರೆ ಸಮೀಪದ ನಮ್ಮ ತೋಟದಲ್ಲಿ ಕಾಫಿ ಕೊಯ್ಲು ನಡೆಯುತ್ತಿದ್ದಾಗ, ಒಂದು ರಾತ್ರಿ 8 ಗಂಟೆಗೆ ಅಮ್ಮ ಫೋನ್ ಮಾಡಿ, ಅಪ್ಪನಿಗೆ ತಲೆ ಸುತ್ತುತ್ತಿದೆ, ಬಾಯಿ ಒಣಗುತ್ತಿದೆ, ಬೆಳಗಿನಿಂದ ಮೂರು ಗ್ಯಾಸ್ಟ್ರಿಕ್ ಮಾತ್ರೆ ನುಂಗಿದ್ದಾರೆ ಎಂದರು. 71 ವರ್ಷದ ಅಪ್ಪ ಪಕ್ಕದಿಂದಲೇ, "ಏನಿಲ್ಲ ಮಗಳೇ, ಗ್ಯಾಸ್ಟ್ರಿಕ್ ಮಾತ್ರೆ ತಾನೆ, ಮಲಗಿದರೆ ಸರಿಹೋಗುತ್ತದೆ" ಎನ್ನುತ್ತಿದ್ದರು. ಮಾತ್ರೆಯ ವಿಚಾರಕ್ಕೆ ಹೋಗುವ ಮೊದಲು ನಾನು ಎದೆಯ ಬಗ್ಗೆ ಕೇಳಿದೆ: ಹಿಂಡಿದಂತಹ ನೋವಿದೆಯೇ, ತಣ್ಣನೆಯ ಬೆವರು ಬಂದಿದೆಯೇ, ಎಡಗೈಗೋ ದವಡೆಗೋ ನೋವು ಹಬ್ಬುತ್ತಿದೆಯೇ? ಎದೆ ಉರಿಯೆಂದು ಮಾತ್ರೆಯ ಮೇಲೆ ಮಾತ್ರೆ ನುಂಗುವ ಹಿರಿಯರಲ್ಲಿ ಕೆಲವರಿಗೆ ನಿಜವಾಗಿ ಆಗುತ್ತಿರುವುದು ಹೃದಯಾಘಾತವಾಗಿರುತ್ತದೆ. ಅಪ್ಪನಿಗೆ ಅಂಥದ್ದೇನೂ ಇರಲಿಲ್ಲ.

ಅಮ್ಮ ಕಳುಹಿಸಿದ ಫೋಟೋದಲ್ಲಿ ಎರಡು ಬೇರೆ ಬೇರೆ ಕಂಪನಿಯ ಸ್ಟ್ರಿಪ್‌ಗಳಿದ್ದವು. ಒಂದು, ಪೇಟೆಯ ವೈದ್ಯರು ಮೊದಲೇ ಬರೆದುಕೊಟ್ಟಿದ್ದು. ಇನ್ನೊಂದು, ಕೆಮ್ಮಿಗೆಂದು ಹೋದ ಕ್ಲಿನಿಕ್ಕಿನಲ್ಲಿ ಆಜಿಥ್ರೋಮೈಸಿನ್ ಎಂಬ ಆಂಟಿಬಯೋಟಿಕ್ ಜೊತೆಗೆ ಕೊಟ್ಟಿದ್ದು. ಎರಡನೆಯದನ್ನು ಕತ್ತರಿಯಿಂದ ಅರ್ಧಕ್ಕೆ ಕತ್ತರಿಸಲಾಗಿತ್ತು, ಹಿಂಬದಿಯ ಬೆಳ್ಳಿಹಾಳೆಯಲ್ಲಿ ಔಷಧಿಯ ಹೆಸರಿದ್ದ ಭಾಗವೇ ಹೋಗಿ, "40 ಮಿ.ಗ್ರಾಂ" ಮತ್ತು "30 ಮಿ.ಗ್ರಾಂ" ಎಂಬ ಎರಡು ಅಂಕಿಗಳು ಮಾತ್ರ ಉಳಿದಿದ್ದವು. ಆ ಎರಡು ಅಂಕಿಗಳಿಂದಲೇ ನನಗೆ ಅನುಮಾನ ಬಂತು, ಅಮ್ಮ ಕ್ಲಿನಿಕ್ಕಿನ ಚೀಟಿಯನ್ನು ಓದಿ ಹೇಳಿದ ಮೇಲೆ ಖಚಿತವಾಯಿತು. ಎರಡು ಸ್ಟ್ರಿಪ್‌ಗಳಲ್ಲೂ ಇದ್ದದ್ದು ಒಂದೇ ಔಷಧಿ: ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ 40 ಮತ್ತು ವಾಕರಿಕೆ ತಡೆಯುವ ಡೊಂಪೆರಿಡೋನ್ 30 ಸೇರಿದ ಕ್ಯಾಪ್ಸೂಲ್. ಬೇರೆ ಬೇರೆ ಮಾತ್ರೆಗಳೆಂದು ತಿಳಿದ ಅಪ್ಪ ಬೆಳಿಗ್ಗೆ ಒಂದೊಂದನ್ನು ನುಂಗಿ, ಉರಿ ಇಳಿಯಲಿಲ್ಲವೆಂದು ಸಂಜೆ 4ಕ್ಕೆ ಮತ್ತೊಂದನ್ನು ನುಂಗಿದ್ದರು.

ಪ್ಯಾಂಟೊಪ್ರಜೋಲ್ ಒಂದು ದಿನ 120 ಮಿ.ಗ್ರಾಂ ಹೋಗಿದ್ದು ನನ್ನನ್ನು ಅಷ್ಟಾಗಿ ಹೆದರಿಸಲಿಲ್ಲ; ಹೊಟ್ಟೆಯಲ್ಲಿ ಆಮ್ಲ ವಿಪರೀತವಾಗಿ ಸುರಿಯುವ ಅಪರೂಪದ ಕಾಯಿಲೆಯಲ್ಲಿ ವೈದ್ಯರು ದಿನಕ್ಕೆ 240 ಮಿ.ಗ್ರಾಂವರೆಗೂ ಕೊಡುವುದುಂಟು. ಆದರೆ ಇದು ಉರಿಯನ್ನು ಆ ಕ್ಷಣಕ್ಕೆ ಆರಿಸುವ ಔಷಧಿಯಲ್ಲ. ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮೊದಲು ತೆಗೆದುಕೊಂಡರೆ ಆಮ್ಲ ಸುರಿಸುವ ಪಂಪುಗಳನ್ನು ಮುಚ್ಚಿ ದಿನವಿಡೀ ಕೆಲಸ ಮಾಡುತ್ತದೆ, ಪೂರ್ತಿ ಗುಣ ಕಾಣಲು ಎರಡು ಮೂರು ದಿನ ಬೇಕು. ಸಂಜೆಯ ಉರಿಗೆ ಸಂಜೆಯೇ ನುಂಗಿದ ಇನ್ನೊಂದು ಕ್ಯಾಪ್ಸೂಲಿನಿಂದ ಅಪ್ಪನಿಗೆ ಆಗಬೇಕಾದ ಉಪಕಾರ ಏನೂ ಇರಲಿಲ್ಲ.

ನನ್ನ ಚಿಂತೆಯೆಲ್ಲ ಡೊಂಪೆರಿಡೋನ್ ಬಗ್ಗೆ. ಅದು ಹೃದಯ ಬಡಿತದ ಲಯವನ್ನು ಕೆಡಿಸಬಲ್ಲದು, ಅದರಲ್ಲೂ 60 ದಾಟಿದವರಲ್ಲಿ. ಯುರೋಪಿನ ಔಷಧ ನಿಯಂತ್ರಕರು 2014ರಲ್ಲೇ ದಿನಕ್ಕೆ 30 ಮಿ.ಗ್ರಾಂ ಮಿತಿ ಹಾಕಿದ್ದಾರೆ. ಅಪ್ಪನ ಹೊಟ್ಟೆಗೆ ಹೋಗಿದ್ದು 90. ಮೇಲಾಗಿ, ಅದೇ ಲಯವನ್ನು ಬಾಧಿಸಬಲ್ಲ ಆಜಿಥ್ರೋಮೈಸಿನ್ ಕೂಡ ಮೈಯಲ್ಲಿತ್ತು. ಈ ಕ್ಯಾಪ್ಸೂಲಿನಲ್ಲಿ ಡೊಂಪೆರಿಡೋನ್ ನಿಧಾನವಾಗಿ ಬಿಡುಗಡೆಯಾಗುವುದರಿಂದ, ನುಂಗಿ ನಾಲ್ಕು ಗಂಟೆಯಾದರೂ ಏನೂ ಆಗಿಲ್ಲವಲ್ಲ ಎಂಬ ಸಮಾಧಾನಕ್ಕೂ ಅರ್ಥವಿರಲಿಲ್ಲ.

ವಾಂತಿ ಮಾಡಿಸಬೇಡಿ, ಉರಿಗೆಂದು ಸೋಡಾ ಪುಡಿಯನ್ನಾಗಲಿ ಜೆಲ್ ಅನ್ನಾಗಲಿ ಕೊಡಬೇಡಿ, ಖಾಲಿ ಸ್ಟ್ರಿಪ್ ಸಮೇತ ಎಲ್ಲ ಔಷಧಿಯನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಆಸ್ಪತ್ರೆಗೆ ಹೊರಡಿ, ನಾನೂ ಅಲ್ಲಿಗೆ ಬರುತ್ತೇನೆ ಎಂದು ಅಮ್ಮನಿಗೆ ಹೇಳಿದೆ. ಪಕ್ಕದ ತೋಟದವರ ಜೀಪು ಸಿಕ್ಕಿತು, ಸಿಗದಿದ್ದರೆ 108ಕ್ಕೆ ಕರೆ ಮಾಡುವವಳಿದ್ದೆ. ಆಸ್ಪತ್ರೆಯಲ್ಲಿ ನಾನು ಸ್ಟ್ರಿಪ್‌ಗಳನ್ನು ಮೇಜಿನ ಮೇಲಿಟ್ಟು, ಎಷ್ಟು ಗಂಟೆಗೆ ಯಾವುದು ಎಂದು ಬರೆದಿದ್ದ ಚೀಟಿಯನ್ನು ಡ್ಯೂಟಿ ಡಾಕ್ಟರ ಕೈಗೆ ಕೊಟ್ಟೆ. ಇದಕ್ಕೆ ಪ್ರತ್ಯೇಕ ಪ್ರತಿವಿಷವಿಲ್ಲ, ಗಮನಿಸುತ್ತಿರುವುದೇ ಚಿಕಿತ್ಸೆ. ಇಸಿಜಿ ತೆಗೆದರು, ರಕ್ತದಲ್ಲಿ ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ ನೋಡಿದರು, ಬೆಳಗಿನ ಜಾವ ಇನ್ನೊಮ್ಮೆ ಇಸಿಜಿ ತೆಗೆದರು. ಎರಡೂ ಸರಿಯಾಗಿದ್ದವು. ಹಗಲಾಗುವ ಹೊತ್ತಿಗೆ ತಲೆಸುತ್ತು ನಿಂತು, ಅಪ್ಪ ಕೊಯ್ಲಿನ ಆಳುಗಳ ಬಗ್ಗೆ ವಿಚಾರಿಸತೊಡಗಿದ್ದರು.

ವೈದ್ಯರು ಡೊಂಪೆರಿಡೋನ್ ನಿಲ್ಲಿಸಿ, ಬರಿಯ ಪ್ಯಾಂಟೊಪ್ರಜೋಲ್ 40 ಅನ್ನು ನಾಲ್ಕು ವಾರಕ್ಕೆಂದು ಬರೆದು, ಮುಗಿದ ಮೇಲೆ ಬಂದು ತೋರಿಸಲು ಹೇಳಿದರು. ವರ್ಷಗಟ್ಟಲೆ ನುಂಗಿದರೆ ಬಿ12 ಮತ್ತು ಮೆಗ್ನೀಸಿಯಂ ಕಡಿಮೆಯಾಗಬಹುದೆಂಬುದನ್ನು ಅಪ್ಪನಿಗೆ ಅವರೇ ವಿವರಿಸಿದ್ದು ನನಗೆ ದೊಡ್ಡ ಉಪಕಾರವಾಯಿತು, ಮಗಳ ಮಾತಿಗಿಂತ ಡಾಕ್ಟರ ಮಾತಿಗೆ ಅಪ್ಪನಲ್ಲಿ ಬೆಲೆ ಹೆಚ್ಚು.

ಆ ಅರ್ಧ ಸ್ಟ್ರಿಪ್ ಮಾತ್ರ ನನ್ನನ್ನು ಬಿಡಲಿಲ್ಲ, ಏಕೆಂದರೆ ಹಾಗೆಯೇ ಕತ್ತರಿಸಿ ಕೊಟ್ಟ ಎಷ್ಟೋ ಸ್ಟ್ರಿಪ್‌ಗಳು ನನ್ನ ಕೈಯಿಂದಲೂ ಹೋಗಿವೆ. ಈಗ ಹೆಸರು ಮತ್ತು ಅವಧಿಯ ದಿನಾಂಕ ಗಿರಾಕಿಯ ಕಡೆಗೆ ಉಳಿಯುವಂತೆಯೇ ಕತ್ತರಿಸುತ್ತೇನೆ, ಉಳಿಯದಿದ್ದರೆ ಕವರಿನ ಮೇಲೆ ಔಷಧಿಯ ಹೆಸರನ್ನು ಕನ್ನಡದಲ್ಲಿ ಬರೆದು, "ಮನೆಯಲ್ಲಿ ಬೇರೆ ಗ್ಯಾಸ್ಟ್ರಿಕ್ ಮಾತ್ರೆ ಇದೆಯಾ?" ಎಂದು ಕೇಳುತ್ತೇನೆ. ದೆಹಲಿಯ ಏಮ್ಸ್‌ನಲ್ಲಿರುವ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117 ಅನ್ನು ಕೌಂಟರಿನ ಗಾಜಿಗೆ ಅಂಟಿಸಿದ್ದೇನೆ. ಅಪ್ಪನ ಚೀಲದಲ್ಲಿ ಉಳಿದಿದ್ದ ಕ್ಯಾಪ್ಸೂಲ್‌ಗಳನ್ನು ಅಮ್ಮ ಆ ಬೆಳಿಗ್ಗೆಯೇ ಎಣಿಸಿ ನನ್ನ ಕೈಗೆ ಕೊಟ್ಟರು, ಹನ್ನೊಂದು ಇದ್ದವು.