ಮೀನಿನ ಲೆಕ್ಕ, ಬಡ್ಡಿಯ ಲೆಕ್ಕ

ಸಂಪನ್ಮೂಲಗಳ ಅರ್ಥಶಾಸ್ತ್ರ ಪಾಠ ಮಾಡುವಾಗ ನಾನು ತೈಲ, ಕಲ್ಲಿದ್ದಲಿನಿಂದ ಶುರು ಮಾಡುವುದಿಲ್ಲ. ಮೀನಿನಿಂದ ಶುರು ಮಾಡುತ್ತೇನೆ. ಮೀನು ತಾನಾಗಿ ಬೆಳೆಯುತ್ತದೆ, ಹಾಗಾಗಿ ಮಿತಿ ಎಲ್ಲಿದೆ ಅಂತ ಎಕ್ಸೆಲ್ ಶೀಟಿನಲ್ಲೇ ತೋರಿಸಬಹುದು.

ಸಮುದ್ರದಲ್ಲಿ ಹೆಚ್ಚೆಂದರೆ 1000 ಟನ್ ಮೀನು ಇರಬಹುದು, ಮೀನು ತೀರಾ ಕಮ್ಮಿ ಇದ್ದಾಗ ಬೆಳವಣಿಗೆ ದರ ವರ್ಷಕ್ಕೆ 20% ಅಂತಿಟ್ಟುಕೊಂಡೆ. ಮೀನು ಜಾಸ್ತಿಯಾದಷ್ಟೂ ಜಾಗ, ಆಹಾರ ಸಾಲದೆ ಬೆಳವಣಿಗೆ ಕುಗ್ಗುತ್ತದೆ. ಈ ಲೆಕ್ಕದಲ್ಲಿ 500 ಟನ್ ಇದ್ದಾಗ ವರ್ಷಕ್ಕೆ 50 ಟನ್ ಹೊಸದಾಗಿ ಸೇರುತ್ತದೆ. ಅದಕ್ಕಿಂತ ಜಾಸ್ತಿ ಎಂದೂ ಸೇರುವುದಿಲ್ಲ. ಅಷ್ಟನ್ನೇ ಹಿಡಿದರೆ 500 ಅಲ್ಲೇ ನಿಲ್ಲುತ್ತದೆ.

50ರ ಜಾಗದಲ್ಲಿ ಸುಮ್ನೆ 55 ಹಾಕಿದೆ. ಹತ್ತು ವರ್ಷಕ್ಕೆ 449 ಟನ್. ಯಾರೂ ಗಾಬರಿಯಾಗುವ ಸಂಖ್ಯೆಯಲ್ಲ, ಅಲ್ವಾ? 30ನೇ ವರ್ಷದಲ್ಲೂ 287 ಇದೆ. 42ನೇ ವರ್ಷಕ್ಕೆ ಸೊನ್ನೆ! ಅಲ್ಲಿವರೆಗೆ ಪ್ರತಿವರ್ಷ ಹಿಡಿದದ್ದು ಅದೇ 55, ಹಾಗಾಗಿ ಬಲೆ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಕೆನಡಾದ ಪೂರ್ವ ಕರಾವಳಿಯ ನ್ಯೂಫೌಂಡ್‌ಲ್ಯಾಂಡಿನ ಕಾಡ್ ಮೀನಿನ ವಿಷಯದಲ್ಲೂ ಹೀಗೇ ಆಯಿತು. ಉಳಿದ ಮೀನು ಗುಂಪುಗೂಡಿದ ಕಡೆಗೇ ಟ್ರಾಲರ್‌ಗಳು ಹೋಗುತ್ತಿದ್ದವು, ಬಲೆ ತುಂಬುತ್ತಲೇ ಇತ್ತು. 1992ರ ಜುಲೈನಲ್ಲಿ ಕೆನಡಾ ಸರ್ಕಾರ ಅಲ್ಲಿ ಕಾಡ್ ಹಿಡಿಯುವುದನ್ನೇ ನಿಲ್ಲಿಸಿತು. ಸುಮಾರು 30,000 ಜನರ ಕೆಲಸ ಹೋಯಿತು.

ಯಾರ ಸ್ವತ್ತೂ ಅಲ್ಲದ ಮೀನುಗಾರಿಕೆಯಲ್ಲಿ ಲಾಭವೆಲ್ಲ ಪೈಪೋಟಿಗೇ ಕರಗಿಹೋಗುತ್ತದೆ ಅಂತ ಅರ್ಥಶಾಸ್ತ್ರಜ್ಞ ಸ್ಕಾಟ್ ಗಾರ್ಡನ್ 1954ರಲ್ಲೇ ಬರೆದಿದ್ದರು. ಸರಿ, ಒಬ್ಬನೇ ಮಾಲೀಕ ಅಂತಿಟ್ಟುಕೊಳ್ಳೋಣ. ಆಗ ಮೀನು ಉಳಿಯುತ್ತದಾ? ಇದಕ್ಕೆ ಗಣಿತಜ್ಞ ಕಾಲಿನ್ ಕ್ಲಾರ್ಕ್ 1973ರಲ್ಲಿ ಕೊಟ್ಟ ಉತ್ತರ ನನಗೆ ಈಗಲೂ ಕಸಿವಿಸಿ ತರುತ್ತದೆ: ಸಮುದ್ರದಲ್ಲಿ ಬಿಟ್ಟ ಮೀನು ಬ್ಯಾಂಕಿನ ಬಡ್ಡಿಗಿಂತ ನಿಧಾನಕ್ಕೆ ಬೆಳೆದರೆ, ಅದನ್ನು ಹಿಡಿದು ಮಾರುವುದೇ ಮಾಲೀಕನಿಗೆ ಲಾಭ. ನನ್ನ ಶೀಟಿನಲ್ಲಿ ಬಡ್ಡಿ 5% ಇದ್ದರೆ ಅವನು 375 ಟನ್ ಉಳಿಸುತ್ತಾನೆ, 10% ಇದ್ದರೆ 250. 20% ಆದರೆ ಎಲ್ಲವನ್ನೂ ಹಿಡಿದು ಮಾರಿ ದುಡ್ಡನ್ನು ಬ್ಯಾಂಕಿನಲ್ಲಿಡುವುದೇ ಅವನಿಗೆ ಲಾಭ. ತಿಮಿಂಗಿಲದಂತೆ ನಿಧಾನಕ್ಕೆ ಬೆಳೆಯುವ ಪ್ರಾಣಿಯಾದರೆ ಪೂರ್ತಿ ಖಾಲಿಯಾಗಲು ಸಾಧಾರಣ ಬಡ್ಡಿಯೇ ಸಾಕು.

ಹಿಡಿಯುವ ಖರ್ಚನ್ನು ಬಿಟ್ಟು ಮಾಡಿದ ಲೆಕ್ಕ ಇದು. ಆಮೇಲೆ ಅದನ್ನೂ ಸೇರಿಸಿದೆ. ಮೀನು ಕಮ್ಮಿಯಾದಂತೆ ಹುಡುಕಾಟ ಜಾಸ್ತಿ, ಡೀಸೆಲ್ ಜಾಸ್ತಿ. ಹಾಗಾಗಿ 20% ಬಡ್ಡಿಯಲ್ಲೂ ಒಂದಿಷ್ಟು ಮೀನು ಬಚಾವಾಗುತ್ತದೆ. ಆದರೆ ದೋಣಿಗೆ ಸೋನಾರ್ (ಶಬ್ದದ ಅಲೆಯಿಂದ ಮೀನು ಪತ್ತೆಹಚ್ಚುವ ಯಂತ್ರ) ಬಂದಿದೆ ಅಂತ ಆ ಖರ್ಚನ್ನು ಇಳಿಸುತ್ತಾ ಹೋದರೆ, ಉಳಿಯುವ ಮೀನೂ ಮತ್ತೆ ಸೊನ್ನೆಯ ಕಡೆಗೇ ಜಾರುತ್ತದೆ.