ಶಿವಮೊಗ್ಗದಿಂದ ಸಿಂಗಾಪುರ ಕ್ರೂಸ್: ಹೊರಡುವ ಮೊದಲಿನ ಸಿದ್ಧತೆ

ಕ್ರೂಸ್ ಪ್ರವಾಸದಲ್ಲಿ ಮೊದಲು ಗೊತ್ತುಮಾಡಬೇಕಾದದ್ದು ಹಡಗು ಹೊರಡುವ ದಿನ. ವಿಮಾನ, ವೀಸಾ, ಹೋಟೆಲು ಎಲ್ಲವನ್ನೂ ಆ ದಿನಕ್ಕೆ ಹೊಂದಿಸಬೇಕೇ ಹೊರತು, ಅಗ್ಗದ ವಿಮಾನ ಟಿಕೆಟ್ ಸಿಕ್ಕಿತೆಂದು ಹಡಗನ್ನು ಅದಕ್ಕೆ ಹೊಂದಿಸಲು ಹೋಗಬಾರದು. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಕೊಯ್ಲು, ಬೇಯಿಸಿ ಒಣಗಿಸುವ ಕೆಲಸ ಮುಗಿದು, ಮಳೆಗಾಲದ ಔಷಧಿ ಸಿಂಪಡಣೆ ಇನ್ನೂ ಶುರುವಾಗದ ಮಾರ್ಚ್‌ನಿಂದ ಮೇ ತನಕದ ಅವಧಿ ಬಿಡುವಿನದು. ಸಿಂಗಾಪುರದಲ್ಲಿ ಮಳೆ ಹೆಚ್ಚಾಗಿರುವ ನವೆಂಬರ್, ಡಿಸೆಂಬರ್, ಜನವರಿ ತಿಂಗಳುಗಳೂ ಅಷ್ಟರಲ್ಲಿ ಕಳೆದಿರುತ್ತವೆ. ಮೊದಲ ಸಲ ಹೋಗುವವರಿಗೆ ಮೂರು ಅಥವಾ ನಾಲ್ಕು ರಾತ್ರಿಯ ಯಾನ ಸಾಕೆಂಬುದು ನನ್ನ ಅಭಿಪ್ರಾಯ.

ಹೆಚ್ಚು ಎಚ್ಚರ ಬೇಕಾಗಿರುವುದು ಕಾಗದಪತ್ರಗಳ ವಿಷಯದಲ್ಲಿ. ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ನಮ್ಮಲ್ಲಿ ಹೆಸರಿನ ಹಿಂದಿರುವ ಇನಿಷಿಯಲ್‌ಗಳು ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರಾಗಿಯೋ ತಂದೆಯ ಹೆಸರಾಗಿಯೋ ವಿಸ್ತರಿಸಿರುತ್ತವೆ. ವಿಮಾನ ಮತ್ತು ಹಡಗಿನ ಟಿಕೆಟ್‌ಗಳಲ್ಲಿ ಅದೇ ವಿಸ್ತೃತ ಹೆಸರು ಅಕ್ಷರಶಃ ಬರಬೇಕು. ಸಿಂಗಾಪುರದ ವೀಸಾಕ್ಕೆ ಸಾಮಾನ್ಯವಾಗಿ ಅಧಿಕೃತ ಏಜೆಂಟರ ಮೂಲಕ ಅರ್ಜಿ ಹಾಕಬೇಕಾಗುತ್ತದೆ. ಹಡಗು ಮಲೇಷ್ಯಾದ ಪೆನಾಂಗನ್ನೋ ಥಾಯ್ಲೆಂಡಿನ ಫುಕೆಟನ್ನೋ ಮುಟ್ಟಿ ಮತ್ತೆ ಸಿಂಗಾಪುರಕ್ಕೇ ಮರಳುವುದರಿಂದ ನೀವು ಆ ದೇಶವನ್ನು ಎರಡು ಸಲ ಪ್ರವೇಶಿಸುತ್ತೀರಿ, ಒಮ್ಮೆ ವಿಮಾನದಿಂದ, ಇನ್ನೊಮ್ಮೆ ಹಡಗಿನಿಂದ. ಆದ್ದರಿಂದ ವೀಸಾ ಕೈಗೆ ಬಂದ ಕೂಡಲೇ ಅದು ಒಂದಕ್ಕಿಂತ ಹೆಚ್ಚು ಪ್ರವೇಶಕ್ಕೆ ಅನುಮತಿ ಕೊಟ್ಟಿದೆಯೇ ಎಂದು ನೋಡಿಕೊಳ್ಳಿ. ದಾರಿಯಲ್ಲಿ ಸಿಗುವ ದೇಶಗಳ ವೀಸಾ ನಿಯಮವನ್ನೂ ಬುಕ್ಕಿಂಗ್‌ಗೆ ಮೊದಲೇ ವಿಚಾರಿಸಿ. ಸಿಂಗಾಪುರ ಮುಟ್ಟುವುದಕ್ಕೆ ಮುಂಚಿನ ಮೂರು ದಿನಗಳೊಳಗೆ ತುಂಬಬೇಕಾದ 'ಎಸ್‌ಜಿ ಅರೈವಲ್ ಕಾರ್ಡ್' ಎಂಬ ಆಗಮನದ ಅರ್ಜಿ ಸರ್ಕಾರಿ ಜಾಲತಾಣದಲ್ಲಿ ಉಚಿತ. ಅದಕ್ಕೆ ದುಡ್ಡು ಕೇಳುವ ತಾಣಗಳಿಂದ ದೂರವಿರಿ.

ಹಡಗಿನ ದರದಲ್ಲಿ ಕೋಣೆ ಮತ್ತು ಮುಖ್ಯ ಊಟದ ಖರ್ಚು ಸೇರಿರುತ್ತದೆ. ಸಿಬ್ಬಂದಿಯ ಸೇವಾಶುಲ್ಕ, ವೈಫೈ, ವಿಶೇಷ ರೆಸ್ಟೋರೆಂಟ್‌ಗಳು ಹಾಗೂ ಬಂದರಿನ ಪ್ರವಾಸಗಳು ಹೆಚ್ಚಾಗಿ ಪ್ರತ್ಯೇಕ. ವಿದೇಶ ಪ್ರವಾಸದ ಪ್ಯಾಕೇಜ್ ಕೊಂಡರೆ ಏಜೆಂಟರು ಟಿಸಿಎಸ್ ಎಂಬ, ಮಾರುವಾಗಲೇ ವಸೂಲು ಮಾಡುವ ತೆರಿಗೆಯನ್ನೂ ಹಿಡಿದುಕೊಳ್ಳುತ್ತಾರೆ. ಅದು ಪ್ಯಾನ್ ಸಂಖ್ಯೆಯ ಲೆಕ್ಕಕ್ಕೆ ಜಮೆಯಾಗುತ್ತದೆ, ಆದರೆ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದವರಿಗೆ ಮಾತ್ರ ಹಿಂದಕ್ಕೆ ಬರುತ್ತದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂದು ರಿಟರ್ನ್ ಹಾಕದೆ ಬಂದ ತೋಟದ ಮನೆಗಳವರು ಆ ವರ್ಷ ತಪ್ಪದೆ ಸಲ್ಲಿಸಬೇಕು, ಇಲ್ಲವಾದರೆ ಆ ಹಣ ಅಲ್ಲೇ ಉಳಿಯುತ್ತದೆ.

ಬೆಂಗಳೂರಿನಿಂದ ಸಿಂಗಾಪುರಕ್ಕೆ ಸುಮಾರು ನಾಲ್ಕೂವರೆ ಗಂಟೆಯ ಹಾರಾಟ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿದೆ. ಹಡಗು ಹೊರಡುವ ಹಿಂದಿನ ದಿನವೇ ಅಲ್ಲಿರಬೇಕೆಂಬುದರಲ್ಲಿ ರಾಜಿ ಬೇಡ. ಶಿವಮೊಗ್ಗದಿಂದ ಜನಶತಾಬ್ದಿಯಲ್ಲಿ ಹೋದರೂ ಸೋಗಾನೆ ವಿಮಾನ ನಿಲ್ದಾಣದಿಂದ ಹೋದರೂ ಬೆಂಗಳೂರಿನಲ್ಲಿ ಅರ್ಧ ದಿನದ ಅಂತರವಿರಲಿ, ಏಕೆಂದರೆ ರೈಲೋ ವಿಮಾನವೋ ತಡವಾಗುವುದುಂಟು. ಮರೀನಾ ಬೇ ಕ್ರೂಸ್ ಸೆಂಟರ್‌ನಿಂದ ಹೊರಡುವ ಹಡಗಾದರೆ ಅಲ್ಲಿನ ಮೆಟ್ರೊ ಆದ ಎಂಆರ್‌ಟಿ ರೈಲಿನಲ್ಲಿ ಮರೀನಾ ಸೌತ್ ಪಿಯರ್ ನಿಲ್ದಾಣಕ್ಕೆ ಹೋಗಿ ಇಳಿಯಬೇಕು. ಕೆಲವು ಹಡಗುಗಳು ಹಾರ್ಬರ್‌ಫ್ರಂಟ್‌ನಿಂದಲೂ ಹೊರಡುವುದರಿಂದ ಟಿಕೆಟ್‌ನಲ್ಲಿರುವ ಬಂದರಿನ ಹೆಸರನ್ನು ಓದಿಕೊಳ್ಳಿ.

ಸಸ್ಯಾಹಾರಿಗಳು ಬುಕ್ಕಿಂಗ್ ಸಮಯದಲ್ಲೇ ಬರಹದಲ್ಲಿ ತಿಳಿಸಿದರೆ ಊಟದ ಚಿಂತೆ ಬಹುಪಾಲು ತಪ್ಪುತ್ತದೆ. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್‌ಗಳನ್ನು ಹಡಗಿನವರು ತೆಗೆದಿಟ್ಟುಕೊಳ್ಳುತ್ತಾರೆ. ಎಲೆ ಅಡಿಕೆಯ ಜೊತೆ ತಂಬಾಕು ಹಾಕುವ ಅಭ್ಯಾಸವಿದ್ದವರಿಗೆ ಒಂದು ಮಾತು: ಜಗಿಯುವ ತಂಬಾಕು, ಗುಟ್ಕಾ, ಇ-ಸಿಗರೇಟ್ ಸಿಂಗಾಪುರದಲ್ಲಿ ನಿಷಿದ್ಧ. ಕಂಡಕಂಡಲ್ಲಿ ಉಗುಳಿದರೆ ದಂಡ ತೆರಬೇಕಾಗುತ್ತದೆ. ಹಡಗು ಹೊರಟೊಡನೆ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿಡಿ. ನಡುಸಮುದ್ರದಲ್ಲಿ ಫೋನ್ ಹಡಗಿನ ಉಪಗ್ರಹ ಜಾಲಕ್ಕೆ ತಾನೇ ಸೇರಿಕೊಂಡರೆ, ಸಾಮಾನ್ಯ ರೋಮಿಂಗ್ ಪ್ಯಾಕಿಗೆ ಒಳಪಡದ ದುಬಾರಿ ಬಿಲ್ ಬರುತ್ತದೆ.

ಫುಕೆಟ್‌ನಲ್ಲಿ ದೊಡ್ಡ ಹಡಗುಗಳು ಹೆಚ್ಚಾಗಿ ದಡದಿಂದ ದೂರದಲ್ಲೇ ಲಂಗರು ಹಾಕುತ್ತವೆ. ಅಲ್ಲಿಂದ ಸಣ್ಣ ದೋಣಿಗಳಲ್ಲಿ, ಸಿಗಂದೂರಿಗೆ ಸೇತುವೆಯಾಗುವ ಮೊದಲು ಹೊಳೆಬಾಗಿಲಿನಲ್ಲಿ ಲಾಂಚ್‌ಗೆ ಕಾಯುತ್ತಿದ್ದಂತೆ ಸರದಿಯಲ್ಲಿ ಕಾದು, ದಡ ಸೇರಬೇಕಾಗುತ್ತದೆ. ಮೊಣಕಾಲು ನೋವಿರುವ ಹಿರಿಯರಿಗೆ ಅಲುಗಾಡುವ ದೋಣಿಗೆ ಹತ್ತಿಳಿಯುವುದು ಕಷ್ಟವಾದ್ದರಿಂದ, ಅಂಥವರು ಜೊತೆಗಿದ್ದರೆ ದಡಕ್ಕೇ ಹಡಗು ತಾಗುವ ಪೆನಾಂಗ್ ಯಾನವನ್ನು ಆರಿಸುವುದು ಒಳ್ಳೆಯದು. ಥಾಯ್ಲೆಂಡಿನ ಸಮಯ ಸಿಂಗಾಪುರಕ್ಕಿಂತ ಒಂದು ಗಂಟೆ ಹಿಂದೆ. ಹಡಗು ಸಿಂಗಾಪುರದ ಸಮಯವನ್ನೇ ಇಟ್ಟುಕೊಂಡಿದ್ದು, ನಿಮ್ಮ ಮೊಬೈಲ್ ಮಾತ್ರ ಸ್ಥಳೀಯ ಸಮಯಕ್ಕೆ ಬದಲಾದರೆ, ಇನ್ನೂ ಒಂದು ಗಂಟೆ ಇದೆಯೆಂದು ಅಂಗಡಿಯಲ್ಲಿ ನಿಂತಿರುವಾಗಲೇ ಕೊನೆಯ ದೋಣಿ ಹೊರಟುಬಿಡುತ್ತದೆ. ಹಡಗಿನ ಸಮಯಕ್ಕೆ ಹೊಂದಿಸಿದ ಕೈಗಡಿಯಾರವೊಂದನ್ನು ಕಟ್ಟಿಕೊಂಡು, ಮರಳಿ ಹತ್ತಬೇಕಾದ ಗಡುವನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡೇ ದಡಕ್ಕಿಳಿಯಿರಿ.