ದಿ ಕ್ಲ್ಯಾಶ್ ರೆಕಾರ್ಡುಗಳು: ಆರಿಸುವುದು, ತೊಳೆಯುವುದು, ಕೇಳುವುದು

ದಿ ಕ್ಲ್ಯಾಶ್ ತಂಡದ ಎಲ್‌ಪಿ (ಆಲ್ಬಮ್ಮಿನ ದೊಡ್ಡ ರೆಕಾರ್ಡು) ಕೈಗೆ ಬಂದಾಗ ಮೊದಲು ನೋಡಬೇಕಾದ್ದು ಅದು ಯಾವ ದೇಶದಲ್ಲಿ ಅಚ್ಚಾದದ್ದು ಎಂಬುದನ್ನು. ಈ ಲಂಡನ್ ಪಂಕ್ ರಾಕ್ ತಂಡದ ಮೊದಲ ಆಲ್ಬಮ್ 1977ರ ಏಪ್ರಿಲ್‌ನಲ್ಲಿ ಬ್ರಿಟನ್ನಿನಲ್ಲಿ ಬಂತು. ಅದರಲ್ಲಿ 14 ಹಾಡು. ಅಮೆರಿಕದಲ್ಲಿ 1979ರಲ್ಲಿ ಬಂದಾಗ ನಾಲ್ಕು ಹಾಡು ತೆಗೆದು, ಸಿಂಗಲ್‌ಗಳಾಗಿ (ಒಂದೆರಡು ಹಾಡಿನ ಚಿಕ್ಕ ರೆಕಾರ್ಡು) ಬಂದಿದ್ದವನ್ನು ತುಂಬಿ 15 ಮಾಡಿದರು. ಮುಖಪುಟ ಹೆಚ್ಚುಕಡಿಮೆ ಒಂದೇ ಥರ ಇರುವುದರಿಂದ ಮೋಸಹೋಗುವುದು ಸುಲಭ. ಬೆನ್ನಿನ ಮೇಲೆ ಸಿಬಿಎಸ್ 82000 ಎಂದಿದ್ದರೆ ಬ್ರಿಟನ್ನಿನದು, ಎಪಿಕ್ ಕಂಪನಿಯ ಹೆಸರಿದ್ದರೆ ಅಮೆರಿಕದ್ದು. ಆ ಹಾಡುಗಳಲ್ಲಿರುವ ನಿರುದ್ಯೋಗದ ಸಿಟ್ಟು ಒಂದೇ ಉಸಿರಿಗೆ ಕೇಳಬೇಕೆಂದರೆ ಬ್ರಿಟನ್ನಿನ ಪ್ರತಿಯೇ ಸರಿ.

ಒಂದನ್ನೇ ಕೊಳ್ಳುವ ಹಣವಿದ್ದರೆ 1979ರ ಡಿಸೆಂಬರಿನ 'ಲಂಡನ್ ಕಾಲಿಂಗ್' ಕೊಳ್ಳಿ. ಎರಡು ತಟ್ಟೆ, 19 ಹಾಡು. ಆದರೆ ತಂಡ ಹಠ ಹಿಡಿದು ಒಂದು ತಟ್ಟೆಯ ಬೆಲೆಗೇ ಮಾರಿಸಿತು. ಕೊನೆಯ ಹಾಡು 'ಟ್ರೇನ್ ಇನ್ ವೇನ್' ತಡವಾಗಿ ಸೇರಿದ್ದರಿಂದ ಮೊದಲ ಪ್ರತಿಗಳ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಪಟ್ಟಿಯಲ್ಲಿ ಹೆಸರಿಲ್ಲದ್ದು ದೋಷವಲ್ಲ, ಹಳೆಯ ಪ್ರತಿಯ ಗುರುತು. ಸಾಹಿತ್ಯ ಅಚ್ಚಾದ ಎರಡು ಒಳಲಕೋಟೆಗಳೂ ಇವೆಯೇ ನೋಡಿ.

ಬೆಂಗಳೂರಿನ ಚಿಕ್ಕಪೇಟೆ ಸುತ್ತಿನ ಸಂಡೆ ಬಜಾರಿನಂಥ ಕಡೆ ಕೊಳ್ಳುವಾಗ ಟಾರ್ಚ್ ಒಯ್ಯಿರಿ. ತಟ್ಟೆಯನ್ನು ಅಂಚಿನಲ್ಲಿ ಹಿಡಿದು, ಬೆಳಕನ್ನು ಓರೆಯಾಗಿ ಬಿಡಿ. ಕೂದಲೆಳೆಯಂಥ ಗೀರು ಪರವಾಗಿಲ್ಲ. ಉಗುರಿಗೆ ತಾಕುವ ಗೀರಿದ್ದರೆ ಸೂಜಿ ಹಾರುತ್ತದೆ. ಬಿಳಿ ಚುಕ್ಕೆಗಳು ಬೂಷ್ಟು, ತೊಳೆದರೆ ಹೋದೀತು. ತಟ್ಟೆಯನ್ನು ಕಣ್ಣಿನ ಮಟ್ಟಕ್ಕೆ ಅಡ್ಡ ಹಿಡಿದಾಗ ಅಂಚು ಅಲೆಯಂತೆ ಕಂಡರೆ ಬಿಸಿಲು ಬಡಿದಿದೆ. ಅದನ್ನು ಬಿಟ್ಟುಬಿಡಿ, ಮನೆಯಲ್ಲಿ ನೆಟ್ಟಗೆ ಮಾಡಲಾಗದು.

ತೊಳೆಯಲು ನಲ್ಲಿ ನೀರು ಬೇಡ, ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಅದರ ಸುಣ್ಣದಂಶ ಗೆರೆಗಳಲ್ಲಿ ಒಣಗಿ ಕೂತರೆ ಚಟಪಟ ಸದ್ದು ಮೊದಲಿಗಿಂತ ಹೆಚ್ಚಾಗುತ್ತದೆ. 400 ಮಿ.ಲೀ. ಡಿಸ್ಟಿಲ್ಡ್ ವಾಟರ್, 100 ಮಿ.ಲೀ. ಐಸೊಪ್ರೊಪೈಲ್ ಆಲ್ಕೋಹಾಲ್, ಬಣ್ಣ-ವಾಸನೆಯಿಲ್ಲದ ಪಾತ್ರೆ ಸೋಪಿನ ದ್ರವ 2 ಹನಿ ಬೆರೆಸಿ. ಮೈಕ್ರೋಫೈಬರ್ ಬಟ್ಟೆಯಿಂದ ಗೆರೆಗಳ ಜೊತೆಜೊತೆಗೇ ಸುತ್ತಿ ಒರೆಸಿ, ಅಡ್ಡಡ್ಡ ಉಜ್ಜಬೇಡಿ. ನಡುವಿನ ಲೇಬಲ್ ನೆನೆಯಬಾರದು. ಆಮೇಲೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಎರಡು ಸಲ ಒರೆಸಿ. ಸೋಪು ಉಳಿದರೆ ಸೂಜಿಗೆ ಅಂಟು ಮೆತ್ತುತ್ತದೆ. ಪಾತ್ರೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಒಂದು ಗಂಟೆ ಒಣಗಿಸಿ. ಮಳೆಗಾಲದಲ್ಲಿ ಇನ್ನೂ ಹೊತ್ತು ಬಿಡಿ, ಒದ್ದೆ ಉಳಿದರೆ ಮತ್ತೆ ಬೂಷ್ಟು. ಅಜ್ಜನ ಕಾಲದ 78 ಆರ್‌ಪಿಎಂ ತಟ್ಟೆಗಳಿಗೆ ಮಾತ್ರ ಈ ದ್ರವ ಮುಟ್ಟಿಸಬೇಡಿ. ಅವು ಅರಗಿನವು, ಆಲ್ಕೋಹಾಲಿಗೆ ಕರಗುತ್ತವೆ.

ಅಮೆರಿಕದಿಂದ ಸಂಬಂಧಿಕರು ತಂದ ಹಳೆಯ ಪ್ಲೇಯರ್ ಇದ್ದರೆ ಎಚ್ಚರ. ನಮ್ಮದು 230 ವೋಲ್ಟ್, 50 ಹರ್ಟ್ಸ್. ಅಲ್ಲಿಯದು 120 ವೋಲ್ಟ್, 60 ಹರ್ಟ್ಸ್. ಎಸ್‌.ಪಿ. ರಸ್ತೆಯಲ್ಲಿ ಸಿಗುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟ್ ಇಳಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ. ಹರ್ಟ್ಸಿಗೆ ತಕ್ಕ ವೇಗದಲ್ಲಿ ತಿರುಗುವ ಎಸಿ ಸಿಂಕ್ರೊನಸ್ ಮೋಟಾರಿನ ಪ್ಲೇಯರ್ ಆಗ ನಿಮಿಷಕ್ಕೆ 33 ಸುತ್ತಿನ ಬದಲು 28ರ ಆಸುಪಾಸಿನಲ್ಲಿ ತಿರುಗಿ, ತಂಡದ ಗಾಯಕ ಜೋ ಸ್ಟ್ರಮರ್ ದನಿ ನಿದ್ದೆಗಣ್ಣಿನದಾಗುತ್ತದೆ. 50 ಹರ್ಟ್ಸಿನ ಪುಲ್ಲಿ ಹಾಕಿಸಬೇಕು. ಡಿಸಿ ಮೋಟಾರಿಗೆ ಈ ತೊಂದರೆಯಿಲ್ಲ. ಸ್ಪೀಕರಿನಲ್ಲಿ ಗುಂಯ್ ಎಂದರೆ ಪ್ಲೇಯರಿನ ಅರ್ತ್ ತಂತಿ ಆಂಪ್ಲಿಫೈಯರಿಗೆ ಸಿಕ್ಕಿಲ್ಲ ಎಂದರ್ಥ.

ಈಗ 1980ರ ಡಿಸೆಂಬರಿನ 'ಸ್ಯಾಂಡಿನಿಸ್ಟಾ!'. ತಂಡದ ಧೈರ್ಯ ಪೂರ್ತಿ ಕಾಣುವುದು ಇಲ್ಲೇ. ಬ್ರಿಟನ್ನಿನ ಪ್ರತಿಯ ಕ್ಯಾಟಲಾಗ್ ನಂಬರ್ ಎಫ್‌ಎಸ್‌ಎಲ್‌ಎನ್ 1. ನಿಕರಾಗುವಾದ ಸರ್ವಾಧಿಕಾರಿ ಸೊಮೊಜಾನನ್ನು 1979ರಲ್ಲಿ ಕೆಳಗಿಳಿಸಿದ ಸ್ಯಾಂಡಿನಿಸ್ಟಾ ಸಂಘಟನೆಯ ಸ್ಪ್ಯಾನಿಷ್ ಹೆಸರಿನ ಮೊದಲಕ್ಷರಗಳವು. ಮೂರು ತಟ್ಟೆಯನ್ನು ಅಗ್ಗವಾಗಿ ಕೊಡಲು ತಂಡ ಬ್ರಿಟನ್ನಿನ ಮೊದಲ 2 ಲಕ್ಷ ಪ್ರತಿಗಳ ರಾಯಲ್ಟಿ ಬಿಟ್ಟುಕೊಟ್ಟಿತು. ಜೊತೆಗೆ ಪತ್ರಿಕೆಯಂತೆ ಮಡಚಿದ ಸಾಹಿತ್ಯದ ಹಾಳೆ ಇರಬೇಕು. ಸೆಕೆಂಡ್‌ಹ್ಯಾಂಡ್ ಪ್ರತಿಯಲ್ಲಿ ಮೊದಲು ಕಾಣೆಯಾಗುವುದು ಅದೇ. ಅದಿಲ್ಲದಿದ್ದರೆ ಬೆಲೆ ಇಳಿಸಲು ಕೇಳಿ.

36 ಹಾಡು, ಸುಮಾರು 144 ನಿಮಿಷ. ಮುಖವೊಂದಕ್ಕೆ 24 ನಿಮಿಷ. 'ಲಂಡನ್ ಕಾಲಿಂಗ್'ನಲ್ಲಿ ಅದು 16ರ ಸುಮಾರು. ಗೆರೆಗಳು ಒತ್ತೊತ್ತಾಗಿ ಕೂತಿರುವುದರಿಂದ ಸದ್ದು ಕಡಿಮೆ. ವಾಲ್ಯೂಮ್ ಏರಿಸಿ, ಸೂಜಿಯ ಭಾರ ಏರಿಸಬೇಡಿ. ಕಾರ್ಟ್ರಿಜ್ (ಸೂಜಿ ಕೂತಿರುವ ಭಾಗ) ತಯಾರಕರು ಹೇಳಿದಷ್ಟೇ ಭಾರವಿರಲಿ, ಮೂವಿಂಗ್ ಮ್ಯಾಗ್ನೆಟ್ ಬಗೆಯದಾದರೆ ಸಾಮಾನ್ಯವಾಗಿ 1.5ರಿಂದ 2 ಗ್ರಾಂ. ಲೇಬಲ್ ಹತ್ತಿರದ ಹಾಡುಗಳಲ್ಲಿ 'ಸ' ಸೀಳಿದಂತೆ ಕೇಳಿದರೆ ಕಾರ್ಟ್ರಿಜ್ ಕೂತ ಕೋನ ಸರಿಪಡಿಸಿ.

ದಿನಕ್ಕೊಂದು ಮುಖ ಸಾಕು. ನಾಲ್ಕನೆಯ ಮುಖದ 'ವಾಷಿಂಗ್‌ಟನ್ ಬುಲೆಟ್ಸ್' ಹಾಳೆ ಹಿಡಿದು ಕೇಳಿ: ಚಿಲಿ, ಕ್ಯೂಬಾ, ನಿಕರಾಗುವಾದ ಜೊತೆಗೆ ಅಫ್ಘಾನಿಸ್ತಾನ, ಟಿಬೆಟ್ಟೂ ಬರುತ್ತವೆ; ಮಾಸ್ಕೋ, ಬೀಜಿಂಗನ್ನೂ ಬಿಡದ ಪ್ರಾಮಾಣಿಕತೆ ಅದು. ಐದನೆಯದರ 'ಮೆನ್ಸ್‌ಫೋರ್ತ್ ಹಿಲ್' ಹಿಮ್ಮುಖವಾಗಿ ಓಡಿಸಿದ ಟೇಪು, ಪ್ಲೇಯರ್ ಕೆಟ್ಟಿತೆಂದು ಎದ್ದು ಬರಬೇಡಿ. ಆರನೆಯದರಲ್ಲಿ ಹಿಂದಿನ ಹಾಡುಗಳ ಡಬ್ ರೂಪಗಳೇ (ದನಿ ತಗ್ಗಿಸಿ, ಪ್ರತಿಧ್ವನಿ ಸೇರಿಸಿ ಮರುಮಿಶ್ರಣ ಮಾಡಿದವು) ಹೆಚ್ಚು, ಆದ್ದರಿಂದ ಅದನ್ನು ಕೊನೆಗೇ ಇಟ್ಟುಕೊಳ್ಳಿ.

1978ರ 'ಗಿವ್ ಎಮ್ ಇನಫ್ ರೋಪ್' ನಿಧಾನಕ್ಕೆ ಕೊಂಡರಾಯಿತು. 1982ರ 'ಕಾಂಬ್ಯಾಟ್ ರಾಕ್' ಸುಲಭವಾಗಿ ಸಿಗುತ್ತದೆ. ಗಿಟಾರ್ ವಾದಕ ಮಿಕ್ ಜೋನ್ಸ್ ಇಲ್ಲದ 1985ರ 'ಕಟ್ ದ ಕ್ರ್ಯಾಪ್' ಪಟ್ಟಿ ತುಂಬಿಸಲಿಕ್ಕಷ್ಟೇ.

ಸಿಂಗಲ್‌ಗಳನ್ನು ಮರೆಯಬೇಡಿ. ತಮ್ಮನ್ನು ಕೇಳದೆ ಕಂಪನಿ ಸಿಂಗಲ್ ಬಿಟ್ಟದ್ದಕ್ಕೆ ಸಿಟ್ಟಾಗಿ ಬರೆದ 1977ರ 'ಕಂಪ್ಲೀಟ್ ಕಂಟ್ರೋಲ್' ಬ್ರಿಟನ್ನಿನ ಯಾವ ಸ್ಟುಡಿಯೊ ಆಲ್ಬಮ್ಮಿನಲ್ಲೂ ಇಲ್ಲ. 1978ರ 'ಕ್ಲ್ಯಾಶ್ ಸಿಟಿ ರಾಕರ್ಸ್' ಸಿಂಗಲ್ಲಿನ ಟೇಪನ್ನು ಅಚ್ಚಿಗೆ ಮುಂಚೆಯೇ ತುಸು ವೇಗವಾಗಿ ಓಡಿಸಿದ್ದರು. ನಿಮ್ಮ ಪ್ಲೇಯರಿನ ವೇಗ ಪರೀಕ್ಷಿಸಲು ಅದನ್ನು ಬಳಸಬೇಡಿ.